ನಳದ ಕಟ್ಟೆಯ ಬಿಷಪ್

ಕಲ್ಯಾಣ ವೆಸ್ಟ್
ಶುಕ್ರವಾರ, 6 ಫೆಬ್ರುವರಿ 2026

ಮಗಳೇ ನಿಖಿತಾ, ನಿನಗ ಅವ್ವನ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ ಅಂತ ಮೊದಲು ಬರೀಬೇಕು, ಸಾಲಿಯಲ್ಲಿ ಹಂಗೇ ಕಲಿಸಿದ್ದರು. ಕ್ಷೇಮ ಅದೀವೋ ಇಲ್ಲೋ, ಪೂರ್ತಿ ಓದಿದ ಮೇಲೆ ನೀನೇ ಹೇಳು. ಇವತ್ತು ನಸುಕಿಗೆ ಕೆಟ್ಟ ಕನಸು ಬಿತ್ತು. ನಮ್ಮ ಚಾಳಿನ ನಳಕ್ಕೆ ನೀರು ಬಂದದ, ಕೊಡಗಳ ಸಾಲು ಹತ್ತೇದ. ಸಾಲಿನ ನಡುವೆ ಒಬ್ಬ ಮುದುಕ ನಿಂತಾನ. ಎದೆತನಕ ಗಡ್ಡ, ಕಾಲತನಕ ನಿಲುವಂಗಿ, ಅದರಿಂದ ಉಪ್ಪುನೀರು ತೊಟ್ಟಿಕ್ಕತದ. ಹೆಂಗಸರೆಲ್ಲ ಅವನಿಗೆ, ಬಾಬಾ, ಲೈನ್ ಹಿಂದಿನಿಂದ ಬಾ ಅಂತ ಬೈಯಾಕತ್ತಾರ. ನನ್ನ ಕಡೆ ನೋಡಿ, ನನ್ನ ಕಲ್ಲು ಎಲ್ಲಿ ಇಟ್ಟಿ ಅಂತ ಕೇಳಿದ. ಕೇಳಿದ್ದು ನಮ್ಮ ಮಾತಿನಲ್ಲೇ. ನನಗೆ ಗೊತ್ತಿಲ್ಲ ಅಂದೆ. ಅಷ್ಟಕ್ಕೇ ಎಚ್ಚರಾಯಿತು.

ಫೋನಿನಲ್ಲಿ ಹೇಳಿದರೆ, ಅವ್ವಾ ಟೆನ್ಶನ್ ತಗೋಬ್ಯಾಡ ಅಂತ ಕಟ್ ಮಾಡತಿ. ಅದಕ್ಕೇ ಕಾಗದ. ಬಾಜೂ ಖೋಲಿಯ ಮನೀಶ್ ನಿಮ್ಮ ಕಾಲೇಜಿನ ಕಡೆ, ಬೈಕುಲ್ಲಾದ ವರ್ಕ್‌ಶಾಪಿಗೆ ಹೋಗುವಾಗ ಅಲ್ಲಿನ ಸ್ಟೇಷನ್ನಿನಲ್ಲಿ ನಿನ್ನ ಕೈಗೆ ಕೊಡತಾನ. ಅವನಿಗೆ ಕನ್ನಡ ಬರೋದಿಲ್ಲ, ಹಂಗಾಗಿ ಧೈರ್ಯದಿಂದ ಬರೀತೀನಿ. ನಿನಗೂ ಕನ್ನಡ ಓದೋದು ತಡ ಅಂತ ಗೊತ್ತದ. ಬೆರಳಿಟ್ಟು ಓದು, ಮತ್ತೊಬ್ಬರ ಕೈಲಿ ಓದಿಸಬ್ಯಾಡ. ತಪ್ಪಿದ್ದರೆ ನಗಬ್ಯಾಡ. ನಿಮ್ಮವ್ವ ಸಾಲಿಯಲ್ಲಿ ಐದನೇತ್ತೆಗೆ ಎರಡು ಸಲ ಕೂತು ಎರಡು ಸಲವೂ ನಡುವೆ ಬಿಟ್ಟಾಕಿ.

ಮನೀಶನ ಹೆಂಡತಿ ಸ್ನೇಹಲ್ ಮೊನ್ನೆ ಬುಧವಾರ ಹಡೆದಳು. ಹೆಣ್ಣು ಕೂಸು, ಅವರಪ್ಪನ ಮೂಗು. ನಾಳೆ ಆಸ್ಪತ್ರೆಯಿಂದ ಬಿಡತಾರಂತ. ಆಕಿಯ ಮೊದಲಿನ ಕೂಸು ಐದನೇ ದಿನ ಕಾಣೋದರೊಳಗ ಹೋಯಿತು, ನಿನಗೆ ನೆನಪದ. ಆವಾಗಿನಿಂದ ಮನೀಶನ ತಾಯಿಗೆ ಒಂದೇ ಮಾತು, ಐದನೇ ದಿನದ ಪೂಜೆ ಆಗಿದ್ದರೆ ಕೂಸು ಉಳೀತಿತ್ತು ಅಂತ. ಕೂಸು ಹೋದ ಮೇಲೆ ಪೂಜೆ ಹೆಂಗ ಆಗತದ ಅಂತ ನಾನು ಯಾವತ್ತೂ ಕೇಳಿಲ್ಲ. ಈ ಸಲ ಸ್ನೇಹಲ್ ಬಸುರಿದ್ದಾಗಲೇ ನಳದ ಕಟ್ಟೆಯ ಕಲ್ಲಿಗೆ ಹರಕೆ ಹೊತ್ತಾಳ. ಕೂಸಿನ ಐದನೇ ದಿನ ಅಂದರೆ ಭಾನುವಾರ. ನೀನು ನಿಮ್ಮ ಕಾಲೇಜಿನ ಬಸವಂತರಾಯ ಸರ್‌ನ, ಕ್ಯಾಮೆರಾದವರನ್ನ ಕರಕೊಂಡು ಆ ಕಲ್ಲು ನೋಡಾಕ ಬರತೀನಿ ಅಂದದ್ದೂ ಅದೇ ಭಾನುವಾರ.

ನಿನ್ನನ್ನೂ ಅದೇ ಕಲ್ಲಿನ ಮುಂದೆ ಮಲಗಿಸಿದ್ದೆ. ನಾವು ಸೆಟವಿ ಅಂತೀವಿ, ಮನೀಶನಂಥ ಮರಾಠಿ ಮಂದಿ ಸಟವಾಯಿ ಅಂತಾರ, ತಾಯಿ ಒಬ್ಬಾಕೀನೇ. ಐದನೇ ದಿನ ಆಕಿಯ ಮುಂದೆ ಖಾಲಿ ಹಾಳಿ, ಪೆನ್ನು ಇಟ್ಟು ದೀಪ ಹಚ್ಚತೀವಿ. ಎಲ್ಲರೂ ಮಲಗಿದ ಮೇಲೆ ಆಕಿ ಬಂದು ಕೂಸಿನ ಹಣೆಬರಹ ಬರೀತಾಳ. ಬರೆದದ್ದನ್ನ ಯಾರೂ ನೋಡಬಾರದು, ನೋಡಿದರೆ ಕೂಸಿಗೆ ಆಗಿಬರೋದಿಲ್ಲ. ಕಲ್ಲಿನ ಮೇಲೆ ಇರೋದು ಎರಡು ಕೈ ಚಾಚಿದ ತಾಯಿ ಅಂತ ನಾವೆಲ್ಲ ಎಣ್ಣೆ ಅರಿಷಿಣ ಹಚ್ಚಿಕೊಂಡು ಬಂದೀವಿ. ನೀನು ದೀಪಾವಳಿಗೆ ಬಂದಾಗ ಮೊಬೈಲ್ ಲೈಟ್ ಹಾಕಿ ನೋಡಿ, ಅವ್ವಾ ಇದು ತಾಯಿ ಅಲ್ಲ, ಕ್ರಾಸ್ ಅಂದಿ. ನೀವು ಎಣ್ಣೆ ಹಾಕಿ ಹಾಕಿ ಇತಿಹಾಸ ಮುಚ್ಚೀರಿ ಅಂದಿ. ಎಣ್ಣೆ ಹಾಕದಿದ್ದರೆ ಇಷ್ಟೊತ್ತಿಗೆ ಅದು ಬಟ್ಟೆ ಒಗೆಯೋ ಕಲ್ಲಾಗಿರತಿತ್ತು ಅಂತ ನಾ ಅಂದೆ. ನಿಮ್ಮಪ್ಪ ಊಟದ ತಾಟು ಹಿಡಿದು ಇಬ್ಬರ ಮಾತಿಗೂ ಹೌದು ಅಂದರು, ಅವರದು ಯಾವಾಗಲೂ ಅದೇ.

ಆವತ್ತು ನೀನು ಚಪಾತಿ ಲಟ್ಟಿಸಿಕೋತ ಹೇಳಿದ್ದು ನನ್ನ ತಲೆಯಿಂದ ಹೋಗವಲ್ಲದು. ಹದಿನೈದು ನೂರು ವರ್ಷದ ಹಿಂದೆ ಈಜಿಪ್ತ ಕಡೆಯ ಒಬ್ಬ ವ್ಯಾಪಾರಿ, ಆಮೇಲೆ ಸನ್ಯಾಸಿ ಆದವನು, ಕಲ್ಯಾಣ ಅಂತ ಒಂದು ಊರಾಗ ಬಿಷಪ್ ಇದ್ದಾನ, ಅವನನ್ನ ಪರ್ಶಿಯಾದಿಂದ ನೇಮಿಸಿ ಕಳಿಸತಾರ ಅಂತ ಬರೆದಾನಂತ. ಬಿಷಪ್ ಅಂದರೆ ಆ ಊರಿನ ಕ್ರಿಶ್ಚನ್ನರಿಗೆಲ್ಲ ಹಿರಿಯ ಗುರು. ಹೆಸರು ಏನು ಅಂತ ನಾನು ಕೇಳಿದೆ. ಹೆಸರು ಬರೆದಿಲ್ಲ ಅಂದಿ. ಎಷ್ಟು ಮಂದಿ ಬಂದರು, ಎಲ್ಲಿ ಮಣ್ಣಾದರು, ಅದೂ ಇಲ್ಲ. ಒಂದೇ ಒಂದು ಸಾಲು.

ನನಗೆ ಆವತ್ತಿನಿಂದ ಅವನದೇ ಚಿಂತೆ. ದೇಶ ಬಿಟ್ಟು ಬಂದು ಇಲ್ಲಿ ಸತ್ತನೋ, ಸುದ್ದಿ ಹಡಗಿನ ಮೇಲೆ ಹೋಗಬೇಕು. ಗಾಳಿ ತಿರುಗಬೇಕು, ಅಲ್ಲಿಯವರು ಇನ್ನೊಬ್ಬನನ್ನ ಆರಿಸಬೇಕು, ಅವನು ಮತ್ತೆ ಗಾಳಿ ಕಾಯಬೇಕು. ಅಲ್ಲಿತನಕ ಹುಟ್ಟಿದ ಕೂಸುಗಳ ತಲೆ ಮೇಲೆ ಕೈ ಇಟ್ಟವರು ಯಾರು? ಹಡೆದ ಹೆಂಗಸರು ಗುರು ಬರಲಿ ಅಂತ ಕಾಯತಾರೇನ? ತಾವೇ ಕೂಸನ್ನ ಆ ಕಲ್ಲಿನ ಮುಂದೆ ಮಲಗಿಸಿ ದೀಪ ಹಚ್ಚಿರತಾರ. ಆಮೇಲೆ ಒಮ್ಮೆ ಗುರು ಬರೋದೇ ನಿಂತಿರತದ, ದೀಪ ನಿಂತಿರೋದಿಲ್ಲ. ಇದು ನನ್ನ ಅಂದಾಜು. ಸರ್ ಮುಂದೆ ಹೇಳಬ್ಯಾಡ.

ಈಗ ನಿಜವಾದ ಹೆದರಿಕೆ ಬರೀತೀನಿ. ನೀನು ವಾಟ್ಸಾಪ್ ಸ್ಟೇಟಸ್ಸಿಗೆ ಆ ಕಲ್ಲಿನ ಫೋಟೊ ಹಾಕಿದಿ. ನಿನ್ನೆ ಮಧ್ಯಾಹ್ನ ಇಬ್ಬರು ಹುಡುಗರು ಬೈಕ್ ಮೇಲೆ ಬಂದರು, ನಮ್ಮ ಕಡೆಯವರಲ್ಲ. ಕಟ್ಟೆ ಮುಂದೆ ನಿಂತು ಫೋಟೊ ತೆಗೆದರು. ಮೌಸಿ, ಯೇ ಕ್ರಾಸ್ ಹೈ ಕ್ಯಾ ಅಂತ ಒಬ್ಬ ಕೇಳಿದ. ದೇವಿ ಹೈ ಅಂದೆ. ಅವನು ನಕ್ಕು, ಸಂಡೇ ಕೋ ದೇಖೇಂಗೆ, ಭಾನುವಾರ ನೋಡಿಕೋತೀವಿ ಅಂತ ಹೇಳಿ ಹೋದ. ಸಂಡೇ ಅಂತ ಅವನಿಗೆ ಹೇಳಿದವರು ಯಾರು? ಪೂಜೆಗೆ ಬರತೀನಿ ಅಂದನೋ, ಸುತ್ತಿಗೆ ತರತೀನಿ ಅಂದನೋ? ಮನೀಶನಿಗೆ ಹೇಳಿದೆ. ಅವನು ಬಹಳ ಮಾತಾಡೋನಲ್ಲ. ಕಾಕು, ನನ್ನ ಪೋರಿಯ ಪೂಜೆ ಆಗೋತನಕ ಆ ಕಲ್ಲು ಮುಟ್ಟಿದವರ ಕೈ ಮುರೀತೀನಿ, ನಿನ್ನ ನಿಖಿತಾನ ಸರ್ ಆದರೂ ಅಷ್ಟೇ ಅಂದ. ಹಂಗ ಅಂದವನ ಕಣ್ಣಾಗ ನೀರಿತ್ತು.

ಸರ್ ಒಳ್ಳೆಯವರೇ ಇರಬಹುದು. ಇಂಥಾ ಕಲ್ಲು ನಳದ ಹತ್ತಿರ ಇರಬಾರದು, ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿ ಇರಬೇಕು ಅಂತ ಅವರು ಅಂದಾರಂತ ನೀನೇ ಹೇಳಿದಿ. ಗಾಜಿನ ಹಿಂದೆ ಇಟ್ಟ ತಾಯಿಯ ಮುಂದೆ ಕೂಸು ಮಲಗಿಸಾಕ ಬಿಡತಾರೇನ? ಟಿಕೆಟ್ ತಗೊಂಡು ಹೋಗಬೇಕಾ ಸ್ನೇಹಲ್? ನಿನ್ನ ಓದು ಹಾಳಾಗಲಿ ಅಂತ ನಾ ಅನ್ನೋದಿಲ್ಲ. ನನ್ನದು ನಿಂತಿತು ಅಂತ ನಿನ್ನದು ನಿಲ್ಲಬಾರದು ಅಂತಲೇ ನಿಮ್ಮಪ್ಪ ಇನ್ನೂ ಸೆಂಟ್ರಿಂಗ್ ಕೆಲಸಕ್ಕೆ ಹೋಗತಾರ. ನಾನು ಕೇಳೋದು ಇಷ್ಟೇ, ಭಾನುವಾರ ಅವರನ್ನ ಕರಕೊಂಡು ಬರಬ್ಯಾಡ. ಆ ಬಿಷಪ್ ಇಷ್ಟು ಕಾಲ ಕಾದಾನ, ಇನ್ನೊಂದು ವಾರ ಕಾಯತಾನ. ಐದನೇ ದಿನ ಮಾತ್ರ ಕಾಯೋದಿಲ್ಲ.

ಕಲ್ಲಿನ ಬಗ್ಗೆ ಚಿಂತೆ ಮಾಡಬ್ಯಾಡ, ಸುರಕ್ಷಿತ ಅದ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅವ್ವ,
ಮಹಾದೇವಿ

ತಾ.ಕ.: ಮೇಲೆ ಬರೆದದ್ದು ಓದಿ ನೋಡಿದೆ. ನಿನ್ನ ಹತ್ತಿರ ಮುಚ್ಚಿಟ್ಟರೆ ಅನ್ನ ಇಳಿಯೋದಿಲ್ಲ. ಕಲ್ಲು ಕಟ್ಟೆ ಮೇಲಿಲ್ಲ. ಆ ಹುಡುಗರು ಹೋದ ಮೇಲೆ ನಾನು, ಮನೀಶನ ತಾಯಿ ಸೇರಿ ಹಳೆ ಸೀರೆಯಲ್ಲಿ ಸುತ್ತಿ ತಂದು ನಮ್ಮ ಖೋಲಿಯ ಜಳಕದ ಮೋರಿಯಲ್ಲಿ ಬಕೆಟ್ ಹಿಂದೆ ಇಟ್ಟೀವಿ. ಎತ್ತುವಾಗ ಹಿಂದಿನ ಮಣ್ಣು ಉದುರಿತು. ಒರಸಿದೆ. ಅಲ್ಲಿ ಬರಹ ಅದ ನಿಖಿತಾ. ಕನ್ನಡ ಅಲ್ಲ, ಮರಾಠಿ ಅಲ್ಲ, ಉರ್ದುನೂ ಅಲ್ಲ. ಕೊಂಡಿ ಕೊಂಡಿ ಹಾಕಿಕೊಂಡು ಅಂಚಿನ ಗುಂಟ ಹೋಗೇದ. ಮನೀಶನ ತಾಯಿ ಏನದು ಅಂದಳು. ಗೆದ್ದಲು ತಿಂದದ್ದು ಅಂದೆ. ಕಲ್ಲಿಗೆ ಗೆದ್ದಲು ಹತ್ತತದೇನ ಅಂತ ನಕ್ಕಳು. ನನಗೆ ನಗು ಬರಲಿಲ್ಲ. ಸೆಟವಿ ಬರೆದದ್ದನ್ನ ನೋಡಬಾರದು, ನಾನು ನೋಡಿಬಿಟ್ಟೆ, ಅದೂ ಕೂಸಿನ ಐದನೇ ದಿನದ ಹೊಸ್ತಿಲಲ್ಲಿ. ಅದು ಬಿಷಪ್ಪನ ಬರಹ ಆದರೆ ಕೂಸಿಗೆ ದೋಷ ಇಲ್ಲ, ಆದರೆ ಕಲ್ಲು ನಮ್ಮ ಕೈಬಿಟ್ಟು ಹೋಗತದ. ಹೋದರೆ ಹೋಗಲಿ. ಭಾನುವಾರ ಪೂಜೆ ಮುಗಿದ ಮೇಲೆ ನೀನೊಬ್ಬಾಕಿ ಬಾ, ಬೋರಲು ಹಾಕಿ ತೋರಸತೀನಿ. ಆ ವ್ಯಾಪಾರಿ ಬರೆದ ಕಲ್ಯಾಣ ಉಡುಪಿ ಕಡೆಯದೂ ಇರಬಹುದು ಅಂತ ಕೆಲವರು ಅಂತಾರ ಅಂದಿದ್ದಿ. ಬಿಷಪ್ ಇದ್ದದ್ದು ನಮ್ಮದೇ ಕಲ್ಯಾಣ ಹೌದಾ ಅಂತ ಇನ್ನೊಮ್ಮೆ ನೋಡು, ಸ್ನೇಹಲ್ ಕೂಸನ್ನ ಮನೆಗೆ ತರೋದರೊಳಗ ನೋಡಿ ಹೇಳು.