ಹಲಸಿನ ಹಲಗೆಯ ಗಿಟಾರ್

ಜೀರಹಳ್ಳಿ, ತಾಳವಾಡಿ ತಾಲ್ಲೂಕು
೧೧ ಆಗಸ್ಟ್ ೨೦೨೪

ಪ್ರೀತಿಯ ಮಗಳು ಬಿಂದುಶ್ರೀಗೆ,

ನಿನ್ನ ಮಾವ ನಟರಾಜ ಬರೆಯುತ್ತಿದ್ದೇನೆ. ಹೇಗಿದ್ದೀಯಮ್ಮ? ಊಟ ಸೇರುತ್ತಿದೆಯಾ? ನಿಮ್ಮ ತಾಯಿ ಚಿನ್ನಮ್ಮನವರ ಮಂಡಿನೋವು ಕಡಿಮೆಯಾಯಿತಾ? ಫೋನಿನಲ್ಲಿ ಕೇಳಿದರೆ ನೀನು ‘ಚೆನ್ನಾಗಿದ್ದೀನಿ ಮಾವ’ ಎಂದು ಇಟ್ಟುಬಿಡುತ್ತೀಯ. ನಾನೂ ಹಾಗೆಯೇ. ಡೈರಿಯಲ್ಲಿ ಮಳೆ ಬಂತು, ಆನೆ ಬಂತು ಎಂದು ಎರಡು ಸಾಲು ಬರೆದು ಮುಚ್ಚುವವನು ನಾನು. ಇವತ್ತು ಉದ್ದ ಬರೆಯಬೇಕು ಅನ್ನಿಸಿದೆ. ನಿಮ್ಮತ್ತೆ ಶಿವಮಲ್ಲಮ್ಮನಿಗೆ ನನ್ನನ್ನು ಬೈಯುವಷ್ಟು ಶಕ್ತಿ ವಾಪಸ್ಸು ಬಂದಿದೆ, ಅಲ್ಲಿಗೆ ಆರೋಗ್ಯ ಎಂದು ತಿಳಿ.

ಸುದ್ದಿ ಏನೆಂದರೆ, ನಾನು ಗಿಟಾರ್ ಮಾಡಿದ್ದೇನೆ. ನಗಬೇಡ. ಗುದ್ದಲಿ ಕಾವು, ಮಂಚದ ಕಾಲು ಬಿಟ್ಟು ಬೇರೇನೂ ಕೆತ್ತಿದವನಲ್ಲ, ನಿಜ. ಆದರೆ ನಮ್ಮ ಮಗ ರಾಜಶೇಖರ ಹೋದಾಗ ನಮ್ಮಣ್ಣ ಮಾದಪ್ಪ ಅಷ್ಟು ಜನರ ಮುಂದೆ ‘ಆ ಪೆಟ್ಗೆನೇ ನಮ್ಮುಡ್ಗನ್ನ ತಿಂದಾಕ್ತು’ ಎಂದದ್ದು ನಿನ್ನ ಕಿವಿಗೂ ಬಿದ್ದಿತು. ನಿನ್ನ ಗಿಟಾರನ್ನು ಸತ್ಯಮಂಗಲದಲ್ಲಿ ರಿಪೇರಿ ಮಾಡಿಸಿ, ಬೆನ್ನಿಗೆ ಹಾಕಿಕೊಂಡು ಬೈಕಿನಲ್ಲಿ ಬರುತ್ತಿದ್ದ. ದಿಂಬಂ ತಿರುವಿನಲ್ಲಿ ಅವನಿಗೆ ಹೊಡೆದದ್ದು ಲಾರಿ. ಲಾರಿಯನ್ನು ಯಾರೂ ಬೈಯಲಿಲ್ಲ. ಗಿಟಾರನ್ನು ಬೈದರು, ಅದರ ನೆಪದಲ್ಲಿ ನಿನ್ನನ್ನು ಬೈದರು. ನೀನು ತವರಿಗೆ ಹೋದೆ. ಈಗ ಶಾಲೆಯ ಮಕ್ಕಳಿಗೂ ಬರೀ ಬಾಯಲ್ಲೇ ಹಾಡು ಹೇಳಿಕೊಡುತ್ತೀಯಂತೆ, ತಂತಿ ಮುಟ್ಟುವುದೇ ಇಲ್ಲವಂತೆ. ಅದನ್ನು ಕೇಳಿದ ದಿನವೇ ಅಟ್ಟದಿಂದ ಹಲಸಿನ ಹಲಗೆ ಇಳಿಸಿದೆ. ನಿಮ್ಮಿಬ್ಬರ ಕೋಣೆಗೆ ಬಾಗಿಲು ಮಾಡಿಸಲು ಇಟ್ಟಿದ್ದದ್ದು. ಒಲೆಯ ಹೊಗೆ ಕುಡಿದು ಚೆನ್ನಾಗಿ ಒಣಗಿತ್ತು.

ತಾಳವಾಡಿಯ ಮರದ ಮಿಲ್ಲಿನಲ್ಲಿ ತೆಳ್ಳಗೆ ಕೊಯ್ಯಿಸಿಕೊಂಡು ಬಂದೆ. ಮಿಕ್ಕದ್ದನ್ನು ಫೋನಿನಲ್ಲಿ ಯಾರೋ ತಮಿಳಿನಲ್ಲಿ ಹೇಳಿಕೊಡುವುದನ್ನು ನೋಡಿ ಮಾಡಿದೆ. ಪಕ್ಕದ ಪಟ್ಟಿಗಳು ಬಗ್ಗಿಸಲು ಹೋದರೆ ಪಟ್ ಎಂದು ಮುರಿದವು. ಕೊನೆಗೆ ನೀರಿನಲ್ಲಿ ನೆನೆಸಿ, ಕಾದ ಬಚ್ಚಲ ಹಂಡೆಯ ಹೊಟ್ಟೆಗೆ ಒತ್ತಿ ಹಿಡಿದೆ. ಮೆಲ್ಲಗೆ ಬಗ್ಗಿದವು. ನಿಮ್ಮತ್ತೆ ಹೊರಗಿನಿಂದ ‘ನಿಮ್ಮ ಗಿಟಾರ್ ಮಿಂದಾಯ್ತಾ? ಆಗಿದ್ರೆ ನಂಗೊಂಚೂರು ನೀರ್ ಬುಡಿ’ ಎಂದು ಕೂಗುತ್ತಿದ್ದಳು. ಅಂಟು ಹಚ್ಚಿದ ಮೇಲೆ ಹಳೆಯ ಸೈಕಲ್ ಟ್ಯೂಬು ಸೀಳಿ ಬಿಗಿಯಾಗಿ ಸುತ್ತಿದೆ. ಮಾದಪ್ಪಣ್ಣ ಬಂದು ‘ಏನ್ಲಾ ತಮ್ಮ, ಎತ್ಗೊಳ್ಗೆ ತೊಟ್ಟಿ ಮಾಡಿಯಾ?’ ಎಂದ. ‘ತೊಟ್ಟಿ ಅನ್ಕೊ ಅಣ್ಣ, ಆದ್ರೆ ನೀನು ಬಾಯಾಕ್ಬೇಡ’ ಎಂದೆ. ಜೀವಮಾನದಲ್ಲಿ ಅವನಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು. ಹಿತವಾಗಿತ್ತು ಕಣಮ್ಮ.

ತಪ್ಪು ಮಾಡಿದ್ದು ಗಿಟಾರಿನ ಕತ್ತಿನಲ್ಲಿ. ಬೆರಳು ಒತ್ತುವ ಜಾಗದಲ್ಲಿ ಅಡ್ಡಡ್ಡ ಲೋಹದ ಗೆರೆ ಕೂರಿಸಬೇಕಲ್ಲ, ಅವನ್ನು ನಾನು ಜೋಳಕ್ಕೆ ಸಾಲು ಹೊಡೆದ ಹಾಗೆ ಸಮಸಮವಾಗಿ ಕೂರಿಸಿಬಿಟ್ಟೆ. ಇಷ್ಟು ವರ್ಷ ಉತ್ತ ಕೈ, ಸಾಲು ಸಮ ಇರಬೇಕೆಂದಷ್ಟೇ ಅದಕ್ಕೆ ಗೊತ್ತು. ಒಂದು ತಂತಿ ಕಟ್ಟಿ, ಒಂದೊಂದೇ ಗೆರೆ ಒತ್ತಿ ಮೀಟಿದೆ. ಅಡುಗೆಮನೆಯಿಂದ ನಿಮ್ಮತ್ತೆ, ‘ಅವ್ಳು ಬಾರ್ಸುದ್ರೆ ಮೆಟ್ಲು ಅತ್ದಂಗಿರ್ತಿತ್ತು, ನಿಮ್ದು ಎಡವಿ ಬಿದ್ದಂಗದೆ’ ಎಂದಳು. ನೀನಿದ್ದಷ್ಟು ದಿನ ನಿನ್ನ ವಾದ್ಯಕ್ಕೆ ಅವಳು ಕಿವಿ ಕೊಟ್ಟಿದ್ದಳೆಂದು ನನಗೆ ಗೊತ್ತಾದದ್ದೇ ಆಗ.

ಸರಿಯಾದ ಅಳತೆ ಎಲ್ಲಿದೆಯೆಂದು ನನಗೆ ಗೊತ್ತಿತ್ತು. ಪೊಲೀಸರು ಕೊಟ್ಟ ಗೋಣಿಚೀಲ ಅಟ್ಟದಲ್ಲೇ ಇತ್ತು, ನಿನ್ನ ಒಡೆದ ಗಿಟಾರ್ ಅದರಲ್ಲಿತ್ತು. ಹಲಗೆ ಇಳಿಸುವಾಗಲೂ ನಾನು ಆ ಕಡೆ ಮುಖ ತಿರುಗಿಸಿರಲಿಲ್ಲ. ನಿಮ್ಮತ್ತೆಯೇ ಏಣಿ ಹತ್ತಿ ಇಳಿಸಿದಳು. ‘ಇದ್ರಲ್ಲಿರಾದು ಮರ. ನನ್ ಮಗ ಅಲ್ಲ. ಬಿಚ್ಚಿ’ ಎಂದಳು. ಬಿಚ್ಚಿದೆ. ಹೊಟ್ಟೆಯೆಲ್ಲ ಚೂರು, ಕತ್ತು ಮಾತ್ರ ನೆಟ್ಟಗಿತ್ತು. ಗೆರೆಗಳು ತಲೆಯ ಹತ್ತಿರ ಅಗಲ, ಹೊಟ್ಟೆಯ ಕಡೆ ಬರುತ್ತಾ ಒತ್ತೊತ್ತು. ಅವಳು ದಾರದ ಒಂದು ತುದಿ ಹಿಡಿದಳು, ನಾನು ಒಂದೊಂದೇ ಅಳತೆಯನ್ನು ಹೊಸ ಕತ್ತಿಗೆ ಇಳಿಸಿದೆ. ಇಬ್ಬರೂ ಅತ್ತೆವು. ಕೆಲಸ ನಿಲ್ಲಿಸಲಿಲ್ಲ.

ಈಗ ಆರು ತಂತಿಯೂ ಕಟ್ಟಿ ಆಗಿದೆ. ಒಂದು ಪಕ್ಕ ಕೊಂಚ ಉಬ್ಬಿದೆ, ಅಂಟು ಒಸರಿದ ಕಲೆ ಹೋಗಿಲ್ಲ, ದನಿ ನನ್ನದರ ಹಾಗೆ ಸ್ವಲ್ಪ ಗೊಗ್ಗರು. ಬರುವ ಭಾನುವಾರ ಚಾಮರಾಜನಗರದ ಬಸ್ಸಿನಲ್ಲಿ ನಾನೇ ತರುತ್ತೇನೆ. ‘ಊರ್ನೋರು ನೋಡ್ತಾರೆ, ಚೀಲಕ್ಕಾದ್ರೂ ಆಕ್ಕೊಂಡೋಗ್ಲಾ’ ಎಂದು ಮಾದಪ್ಪಣ್ಣ ಹೇಳಿಕಳಿಸಿದ್ದಾನೆ. ಹಾಕುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಕೂರುತ್ತೇನೆ, ನೋಡುವವರು ನೋಡಲಿ.

ತಾಯಿಗೆ ನಮ್ಮಿಬ್ಬರ ನಮಸ್ಕಾರ ಹೇಳು. ಶಿವ ನಿನ್ನ ಕೈಬೆರಳುಗಳನ್ನು ಚೆನ್ನಾಗಿಟ್ಟಿರಲಿ.

ನಿನ್ನ ಮಾವ,
ನಟರಾಜ

ಮರೆತೆ: ನಿಮ್ಮ ಶಾಲೆಯ ಮೇಷ್ಟರೊಬ್ಬರು ನಿನ್ನನ್ನು ಮದುವೆಗೆ ಕೇಳಿದ್ದಾರೆಂದೂ, ನೀನು ‘ಮಾವ ಏನಂದುಕೊಳ್ತಾರೋ’ ಎಂದು ಸುಮ್ಮನಿದ್ದೀಯೆಂದೂ ನಿಮ್ಮ ತಾಯಿ ಫೋನಿನಲ್ಲಿ ಹೇಳಿದರು. ಮನಸ್ಸಿಲ್ಲದಿದ್ದರೆ ಬೇಡವೆನ್ನು, ನನ್ನ ಹೆಸರು ಹೇಳಿ ಮಾತ್ರ ಬೇಡವೆನ್ನಬೇಡ. ಮನಸ್ಸಿದ್ದರೆ ಒಪ್ಪಿಕೋ. ಮಾದಪ್ಪಣ್ಣನಿಗೆ ನಾನು ಉತ್ತರ ಹೇಳುತ್ತೇನೆ. ಆ ಮನೆಯ ಹೊಸಿಲು ದಾಟುವಾಗ ಗಿಟಾರ್ ನಿನ್ನ ಕೈಯಲ್ಲೇ ಇರಲಿ. ಯಾರು ಮಾಡಿದ್ದು ಎಂದು ಕೇಳಿದರೆ, ನಮ್ಮಪ್ಪ ಮಾಡಿದ್ದು ಅನ್ನು.