ಇನ್ಸ್‌ಪೆಕ್ಟರ್ ಬಂದ ದಿನ

ಕುಲಶೇಖರ, ೧೯೮೧

ಕುಶಲಾ ಟೀಚರಿಗೆ ನಿಮ್ಮ ಚಂಪಾ ಮಾಡುವ ನಮಸ್ಕಾರ.

ನೀವು ತೀರಿಹೋಗಿ ಆರು ವರ್ಷವಾಯಿತು. ಆದರೂ ಇದನ್ನು ನಿಮಗೇ ಹೇಳಬೇಕೆನಿಸಿತು. ಅಕ್ಷರ ತಪ್ಪಿದ್ದರೆ ಮನ್ನಿಸಿ, ಬೀಡಿ ಕಟ್ಟಲೆಂದು ನಾಲ್ಕನೆಯಲ್ಲೇ ಶಾಲೆ ಬಿಟ್ಟವಳು ನಾನು.

ಇವತ್ತು ಮಗಳ ಶಾಲೆಗೆ ಇನ್ಸ್‌ಪೆಕ್ಟರ್ ಬರುವವರಿದ್ದರು. ಹರಿಣಾಕ್ಷಿಗೆ ಏಳರ ಮಗ್ಗಿ ಬರುವುದಿಲ್ಲ. ಎಲ್ಲರೆದುರು ಅವಳ ಮಾನ ಹೋದರೆ ಎಂಬ ಹೆದರಿಕೆಯಲ್ಲಿ ಅವಳನ್ನು ಒಳಗೆ ಕೂರಿಸಿ, ನಾನು ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದೆ. ಹಾಜರಿ ಕರೆದ ಕೂಡಲೇ ಅವಳ ಶಶಿಪ್ರಭಾ ಟೀಚರ್ ಬಂದೇಬಿಟ್ಟರು.

“ಹರಿಣಾಕ್ಷಿ ಎಲ್ಲಿ ಚಂಪಕ್ಕ?”

“ಪಣಂಬೂರಿಗೆ ಹೋಗಿದ್ದಾಳೆ ಟೀಚರ್, ಅಜ್ಜಿ ಮನೆಗೆ.”

ಒಳಗಿನಿಂದ ಕಿಸಕ್ಕನೆ ನಗು ಕೇಳಿಸಿತು.

“ಅಜ್ಜಿ ಮನೆ ಭಾರೀ ಹತ್ತಿರ ಉಂಟಲ್ಲ ಮಾರಾಯ್ರೆ,” ಎಂದು ಅವರು ಚಾಪೆಯಲ್ಲಿ ಕುಳಿತರು. ನಾನು ಮಗ್ಗಿಯ ವಿಷಯ ಹೇಳಿದೆ.

“ಮಗ್ಗಿ ಬಾರದವರೇ ಶಾಲೆಗೆ ಬರಬೇಕಾದ್ದು. ಎಲ್ಲ ಬರುವವರಿಗೆ ನಾನು ಎಂತಕ್ಕೆ?”

ಅವರ ಕೈ ಹಿಡಿದು ಹರಿಣಾಕ್ಷಿ ಕುಣಿಯುತ್ತ ಹೋದಳು.

ಶಾಲೆ ಬಿಟ್ಟ ನನ್ನನ್ನು ಹುಡುಕಿ ನೀವು ಬಂದಾಗಲೂ ಅಮ್ಮ ಹೀಗೇ ಅಜ್ಜಿ ಮನೆಯ ನೆಪ ಹೇಳಿದ್ದರು. ನೀವು ಬೆಲ್ಲ ನೀರು ಕುಡಿದು ಹೋದಿರಿ. ನಾನು ದನದ ಹಟ್ಟಿಯಲ್ಲಿ ಅಡಗಿದ್ದೆ ಟೀಚರ್. ನನಗೆ ನಗು ಬರಲಿಲ್ಲ.

ಸಂಜೆ ಮಗಳು ಓಡಿ ಬಂದಳು. ಏಳೆಂಟಲ ಎಷ್ಟೆಂದು ಇನ್ಸ್‌ಪೆಕ್ಟರ್ ಕೇಳಿದ್ದಕ್ಕೆ ತಪ್ಪು ಹೇಳಿದಳಂತೆ. ಟೀಚರ್ ಬೈಯದೆ ಇಡೀ ಕ್ಲಾಸಿನಿಂದ ಹೇಳಿಸಿದರಂತೆ, ಇನ್ಸ್‌ಪೆಕ್ಟರೂ ಮಕ್ಕಳ ಜೊತೆ ರಾಗ ತೆಗೆದರಂತೆ. ನಾಳೆ ಶಾಲೆಗೆ ಹೋಗಲು ಅವಳನ್ನು ಬೇಗ ಎಬ್ಬಿಸಬೇಕಂತೆ. ಎಲ್ಲಿ ಮರೆತುಬಿಡುತ್ತೇನೋ ಎಂದು ನನಗೆ ಈಗಲೇ ಹೆದರಿಕೆ.