ಎಳ್ಳಿನ ಜೊತೆ ಕೊಟ್ಟ ಬೀಜ

ಮಗಳು ಶಿವಾನಿಗೆ, ಡೊಂಬಿವಲಿಯಿಂದ ನಿನ್ನಪ್ಪ ಬರೆಯುವುದು.

ಇಲ್ಲೇ ಹತ್ತಿರದ ಐರೋಲಿಗೆ ಕಾಗದ ಬರೆಯುವುದೇನು, ಫೋನ್ ಮಾಡಬಾರದೇನು ಅಂತ ನಗಬೇಡ. ಫೋನಿನಲ್ಲಿ ನೀನು ‘ಅಪ್ಪಾ, ಮೀಟಿಂಗ್ ಅದ’ ಅನ್ನುತ್ತೀ, ನನ್ನ ಮಾತು ಬಾಯಲ್ಲೇ ಉಳಿಯುತ್ತದೆ. ಶನಿವಾರದೊಳಗೆ ಇದು ನಿನ್ನ ಕೈಸೇರಬೇಕು, ಅದೊಂದೇ ಧಾವಂತ.

ಮೊದಲು ಒಳ್ಳೆಯ ಸುದ್ದಿ. ಪಕ್ಕದ ಮನೆ ಪುಷ್ಪಾವತಿಬಾಯಿಯ ಮೊಮ್ಮಗಳು ಪ್ರೇಕ್ಷಾ ನಿನ್ನೆ ದವಾಖಾನೆಯಿಂದ ಮನೆಗೆ ಬಂದಳು. ಗಂಜಿ ಕುಡಿದಳು. ಕೈಯಲ್ಲಿ ಸಲೈನ್ ಚುಚ್ಚಿದ ಕಡೆ ನೀಲಿಗಟ್ಟಿದೆ, ಎಲ್ಲರಿಗೂ ತೋರಿಸಿಕೊಂಡು ಓಡಾಡುತ್ತಿದ್ದಾಳೆ. ಏನಾಯಿತು, ಯಾಕಾಯಿತು ಅಂತ ನೀನು ಪೂರ್ತಿ ಕೇಳಿಸಿಕೊಂಡೇ ಇಲ್ಲವಲ್ಲ, ಅದಕ್ಕೇ ಬರೆಯುತ್ತೇನೆ.

ನಿನ್ನವ್ವ ಇದ್ದಾಗ ಸಂಕ್ರಾಂತಿಯ ಅರಿಶಿನ-ಕುಂಕುಮ ನಮ್ಮ ಮನೆಯಲ್ಲೇ ಆಗುತ್ತಿತ್ತು. ಅವಳು ಹೋದ ಮೇಲೆ ಪುಷ್ಪಾವತಿಬಾಯಿ ಮಾಡುತ್ತಾರೆ. ಬಂದ ಹೆಂಗಸರಿಗೆ ಕೊಡುವ ವಾಣ ಮಾತ್ರ ನಿನ್ನವ್ವ ಕಾಳವ್ವನ ಹೆಸರಲ್ಲಿ ನಮ್ಮ ಮನೆಯಿಂದಲೇ ಇರಲಿ ಎನ್ನುತ್ತಾರೆ. ಹೋದ ವರ್ಷ ಸ್ಟೀಲ್ ಚಮಚ ಕೊಟ್ಟೆವು. ಈ ವರ್ಷ ನೀನೇ ಅಂದಿ, ‘ಚಮಚ ಯಾಕಪ್ಪಾ, ಜತ್ರೋಫಾ ಬೀಜ ಕೊಡೂಣು. ಅವ್ವನ ಹೆಸರಿಲೇ ಗಿಡ ಬೆಳೀತಾವ.’ ನನಗೆ ಕಣ್ಣು ತುಂಬಿತು. ನಿಮ್ಮ ಬಯೋಡೀಸೆಲ್ ಕಂಪನಿಯ ಹಸಿರು ಪ್ಯಾಕೆಟ್ಟುಗಳನ್ನು ಟ್ರಾನ್ಸ್‌ಹಾರ್ಬರ್ ಲೋಕಲ್ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ನಾನೇ ತಂದೆ. ಪುಷ್ಪಾವತಿಬಾಯಿ ಒಂದೊಂದನ್ನು ಎಳ್ಳು-ಬೆಲ್ಲ-ಶೇಂಗಾದ ಪುಡಿಕೆಯ ಜೊತೆ ಸೇರಿಸಿ ದಾರ ಕಟ್ಟಿದರು. ಮಗು ಪ್ರೇಕ್ಷಾಳಿಗೆ ತಾಟಿನಲ್ಲಿ ಬಂದದ್ದೆಲ್ಲ ತಿನ್ನುವುದೇ. ಎಳ್ಳು ತಿಂದಳು, ಬೆಲ್ಲ ತಿಂದಳು, ಆಮೇಲೆ ಆ ಕರೀ ಬೀಜ ಹಲ್ಲಿನಿಂದ ಒಡೆದು ಒಳಗಿನ ಬಿಳೀ ತಿರುಳನ್ನೂ ತಿಂದಳು.

ಮಧ್ಯಾಹ್ನ ವಾಂತಿ ಶುರುವಾಯಿತು, ಹೊಟ್ಟೆ ಹಿಡಿದುಕೊಂಡು ಬಿಲ್ಲಿನ ಹಾಗೆ ಬಾಗಿದಳು. ರಿಕ್ಷಾದಲ್ಲಿ ನನ್ನ ತೊಡೆಯ ಮೇಲೆ ಆಕೆಯ ಮೈ ತಣ್ಣಗಾಗುತ್ತಿತ್ತು. ಶಿವಾನಿ, ಧಾರವಾಡದ ಕಾಲೇಜಿನಲ್ಲಿ ಬಾಟನಿ ಕಲಿತವನು ನಾನು. ಬೋರ್ಡಿನ ಮೇಲೆ ‘ಫ್ಯಾಮಿಲಿ ಯೂಫೋರ್ಬಿಯೇಸೀ’ ಅಂತ ಬರೆದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಈ ಜತ್ರೋಫಾ ನಮ್ಮ ಔಡಲದ ಬಳಗವೇ. ಪ್ಲಾಂಟ್ಸ್ ವಿಥ್ ಮಿಲ್ಕೀ ಜೂಸ್, ಸೀಡ್ಸ್ ಆರ್... ಸೀಡ್ಸ್ ಆರ್ ವಾಟ್? ಎಷ್ಟು ತಲೆ ಕೆರೆದುಕೊಂಡರೂ ಮುಂದಿನ ಶಬ್ದ ಬರಲಿಲ್ಲ. ಡಾಕ್ಟರು ಬೀಜ ನೋಡಿದವರೇ, ‘ಕಾಕಾ, ಹೇ ವಿಷ ಆಹೆ. ಮುಲಾಂಚ್ಯಾ ಹಾತಾತ್ ಕೋಣೀ ದಿಲಂ?’ ಅಂದರು. ಮಕ್ಕಳ ಕೈಗೆ ಇದನ್ನು ಕೊಟ್ಟವರು ಯಾರು ಅಂತ.

ಮರುದಿನ ಮನೆಮನೆ ಅಲೆದು ಪ್ಯಾಕೆಟ್ಟು ವಾಪಸ್ ಕೇಳಿದೆ. ‘ಕೊಟ್ಟ ವಾಣ ತಿರುಗಿ ಕೇಳ್ತಾರೇನ್ರೀ ಯಾರರ?’ ಅಂತ ಮೂರನೇ ಮಾಳಿಗೆಯ ಜಯಲತಾ ಬಾಗಿಲಲ್ಲೇ ನಕ್ಕಳು. ಕುಂಡದಲ್ಲಿ ಆಗಲೇ ಊರಿದ್ದಳು, ಕಾಳವ್ವನ ಗಿಡ ಅಂತ. ಅದರ ಪಕ್ಕದಲ್ಲೇ ಅವಳ ಕೂಸು ಅಂಬೆಗಾಲಿಡುತ್ತಿತ್ತು. ಮಣ್ಣು ಕೆದರಿ ನಾನೇ ಬೀಜ ತೆಗೆದೆ. ನಿನ್ನವ್ವನ ಹೆಸರನ್ನೇ ಕಿತ್ತ ಹಾಗಾಯಿತು.

ಪುಷ್ಪಾವತಿಬಾಯಿ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ‘ನೀವು ವಿಷ ಕೊಟ್ಟದ್ದು ಅಂತ ನಾನು ಹೇಳುವುದಿಲ್ಲ ಮಾರಾಯ್ರೆ. ಹೇಳದೆ ಕೊಟ್ಟದ್ದು, ಅಷ್ಟೇ’ ಅಂದರು. ಪ್ರೇಕ್ಷಾ ದವಾಖಾನೆಯ ಹಾಸಿಗೆಯಲ್ಲಿ ಕೂತು ಹಿಂದಿಯಲ್ಲಿ ಕೇಳಿದಳು, ‘ಅಜ್ಜಾ, ವೋ ಮೂಂಗ್‌ಫಲೀ ಮೀಠೀ ಥೀ. ಔರ್ ಹೈ ಕ್ಯಾ?’ ಆ ಬೀಜವನ್ನೇ ಶೇಂಗಾ ಅಂದುಕೊಂಡಿದ್ದಾಳೆ, ಸಿಹಿಯಂತೆ ಶಿವಾನಿ! ಇನ್ನೂ ಇದೆಯೇನು ಅಂತ ಕೇಳುತ್ತಾಳೆ! ಕಹಿಯಾಗಿದ್ದರೆ ಉಗುಳುತ್ತಿದ್ದಳಲ್ಲ. ಆವತ್ತಿನಿಂದ ನನಗೆ ಸರಿಯಾಗಿ ಊಟ ಸೇರುತ್ತಿಲ್ಲ.

ಗಿಡವನ್ನು ನಾನು ಹಳಿಯುವುದಿಲ್ಲ. ಬಂಜರಿನಲ್ಲಿ ಬರುತ್ತದೆ, ಎಣ್ಣೆಯಿಂದ ಲಾರಿ ಓಡುತ್ತದೆ, ಹೊಗೆ ಕಡಿಮೆ, ಅರಬರ ಮುಂದೆ ಕೈಚಾಚುವುದು ತಪ್ಪುತ್ತದೆ. ನೀನು ಹೇಳುವಾಗ ಮುಖ ಎಷ್ಟು ಬೆಳಗುತ್ತದೆ, ನನಗೂ ಖುಷಿಯೇ. ಆದರೆ ಬಂಜರಿನಲ್ಲಿ ಬದುಕುವುದು ಬೇರೆ, ಬಂಜರಿನಲ್ಲಿ ಕಾಯಿ ತುಂಬುವುದು ಬೇರೆ; ನೀರು ಗೊಬ್ಬರ ಇಲ್ಲದೆ ಎಣ್ಣೆ ಎಲ್ಲಿಂದ ಬರಬೇಕು? ಆ ಮುರಬಾಡದ ಕಡೆಯ ಜನ ನಾಚಣಿ ಬಿತ್ತುವ ಗುಡ್ಡದ ಇಳುಕಲನ್ನು, ಈ ಗಿಡ ಹಚ್ಚಲಿಕ್ಕೆಂದು, ನಿಮ್ಮ ಕಂಪನಿಯ ಕಾಗದದಲ್ಲಿ ಬಂಜರು ಎಂದು ಬರೆದಿದ್ದೀರಿ. ನಾಚಣಿ ಅಂದರೆ ನಮ್ಮ ರಾಗಿ, ಅವರ ರೊಟ್ಟಿ. ‘ಆಡು ಸುದ್ದಾ ಮುಟ್ಟೂದಿಲ್ಲಪ್ಪಾ, ಅದ ಅದರ ಅಡ್ವಾಂಟೇಜ್’ ಅಂದಿ. ಆಡು ಯಾಕೆ ಮುಟ್ಟುವುದಿಲ್ಲ ಅಂತ ನಾವಿಬ್ಬರೂ ಕೇಳಲಿಲ್ಲ ನೋಡವ್ವ.

ಇನ್ನು ಶನಿವಾರದ ಮಾತು. ಆ ಊರಿನ ಶಾಲೆಯಲ್ಲಿ ಬೇಲಿಗೆ ಊರಲಿಕ್ಕೆ ಒಂದೊಂದು ಮಗುವಿನ ಕೈಗೂ ಬೀಜ ಕೊಡುತ್ತೀರಂತೆ. ವಿಷದ ಮಾತು ಎತ್ತಿದರೆ ಜನ ಹೆದರುತ್ತಾರೆ, ಸುಮ್ಮನಿರು ಅಂದರಂತೆ ನಿಮ್ಮ ಸಾಹೇಬರು, ಫೋನಿನಲ್ಲಿ ನೀನೇ ಅಂದಿ. ಈ ಊರು ಒಪ್ಪಿದರೇನೇ ನಿನ್ನ ನೌಕರಿ ಪಕ್ಕಾ ಎಂಬುದೂ ನನಗೆ ಗೊತ್ತು. ಪ್ರಿಕಾಷನ್ ಈಸ್ ಬೆಟರ್ ದ್ಯಾನ್... ಏನೋ ಅಂತಾರಲ್ಲ, ನೀನೇ ಪೂರಾ ಮಾಡಿಕೋ. ಇಲ್ಲಿ ದವಾಖಾನೆಗೆ ರಿಕ್ಷಾ ಸಿಕ್ಕಿತು. ಆ ಗುಡ್ಡದಿಂದ ದವಾಖಾನೆ ಎಷ್ಟು ದೂರವೋ ನನಗೆ ತಿಳಿಯದು. ನಿನಗೆ ತಿಳಿದಿದೆ, ನೀನು ಹೋಗಿ ಬಂದವಳು.

ಬೀಜ ದೊಡ್ಡವರ ಕೈಗೆ ಕೊಡು, ಮಕ್ಕಳ ಕೈಗೆ ಬೇಡ. ಇದು ಸಿಹಿ ಇರುತ್ತದೆ, ತಿಂದರೆ ಜೀವಕ್ಕೆ ಅಪಾಯ ಅಂತ ಅವರ ಮರಾಠಿಯಲ್ಲೇ ಹೇಳು. ರೊಟ್ಟಿಯ ನೆಲ ಬಿಟ್ಟು ಬೇರೆ ಕಡೆ ಹಚ್ಚಿರಿ ಅನ್ನು. ಅಷ್ಟಾದ ಮೇಲೂ ಅವರು ಬೇಕೆಂದರೆ ಸಂತೋಷದಿಂದ ಕೊಡು.

ಶನಿವಾರ ಕಲ್ಯಾಣದಿಂದ ಬೆಳಗಿನ ಎಸ್ಟಿ ಬಸ್ಸು ಹಿಡಿದು ನಾನೂ ಬರುತ್ತೇನೆ. ಮಕ್ಕಳ ಹಿಂದೆ ನೆಲದ ಮೇಲೆ ಕೂರುತ್ತೇನೆ, ನಿನ್ನ ಅಪ್ಪನೆಂದು ಯಾರಿಗೂ ಹೇಳುವುದಿಲ್ಲ. ನೀನು ವಿಷದ ಮಾತು ಹೇಳಿದರೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ನನ್ನದೇ. ಹೇಳದಿದ್ದರೆ, ನನ್ನ ಹರಕು ಮರಾಠಿಯಲ್ಲಿ ನಾನೇ ಎದ್ದು ನಿಂತು ಹೇಳುತ್ತೇನೆ. ಆಗ ನೀನು ಈ ಮುದುಕ ಯಾರೋ ಅಂದುಬಿಟ್ಟರೂ ನನಗೆ ಸಿಟ್ಟಿಲ್ಲ. ಆದರೆ ದೇವರಾಣೆ, ನಾನು ಎದ್ದು ನಿಲ್ಲುವ ಹಾಗೆ ಮಾಡಬೇಡ ಮಗಳೇ.

ನೌಕರಿ ಉಳಿಯಲಿ, ಅದಕ್ಕಿಂತ ಮೊದಲು ನಿನ್ನ ದನಿ ಉಳಿಯಲಿ. ಆ ಗುಡ್ಡದ ಮಕ್ಕಳ ಪುಣ್ಯ ನಿನ್ನನ್ನು ಕಾಯಲಿ.

ಶನಿವಾರದ ದಾರಿ ನೋಡುತ್ತಿರುವ,
ನಿನ್ನ ಅಪ್ಪ
ವಿರುಪಾಕ್ಷಪ್ಪ